ಹುಳು ಮನೆಯಲ್ಲಿ ಸದ್ದಿಲ್ಲದ ಟೀವಿ

ಆ ಭಾನುವಾರ ಬೆಳಿಗ್ಗೆ ಮೊದಲ ಸೊಪ್ಪು ಹಾಕೋಣವೆಂದು ಹುಳು ಮನೆಯ ಬಾಗಿಲು ತೆಗೆದರೆ ಹುಳುಗಳಿಗೆ ಸೊಪ್ಪೇ ಬೇಕಾಗಿರಲಿಲ್ಲ. ಹಿಂದಿನ ಸಂಜೆ ಹಾಕಿದ್ದ ಹಿಪ್ಪುನೇರಳೆ ಎಲೆ ಅರ್ಧಕ್ಕರ್ಧ ಹಾಗೆಯೇ ಬಾಡಿ ಬಿದ್ದಿತ್ತು. ದೊಡ್ಡ ಹುಳು ಮೇಯುವಾಗ ಹೆಂಚಿನ ಮೇಲೆ ಜಡಿಮಳೆ ಬಿದ್ದ ಹಾಗೆ ಒಂದು ಸದ್ದು ಇರುತ್ತದೆ. ಅದೂ ಇರಲಿಲ್ಲ. ಹುಳುಗಳೆಲ್ಲ ತಟ್ಟೆಯ ಅಂಚಿಗೆ ಬಂದು, ತಲೆ ಎತ್ತಿ, ಏನೋ ಕಳೆದುಕೊಂಡವರಂತೆ ಅತ್ತ ಇತ್ತ ಹುಡುಕುತ್ತಿದ್ದವು. ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ. ಮೈಯ ಬಿಳುಪು ಹೋಗಿ ಜೇನಿನ ಬಣ್ಣ ಬಂದು ಒಳಗೆ ಬೆಳಕು ಹಾಯುತ್ತಿತ್ತು. ಹಣ್ಣಾಗಿತ್ತು.

ರೇಷ್ಮೆ ಹುಳು ಮೇಯುವುದು ಮುಗಿಸಿ ಗೂಡು ಕಟ್ಟಲು ತಯಾರಾದರೆ ನಮ್ಮ ಕಡೆ ಹಣ್ಣಾಯಿತು ಎನ್ನುತ್ತೇವೆ. ಮಾವಿನಕಾಯಿ ಹಣ್ಣಾದರೆ ಒಂದು ದಿನವಾದರೂ ಕಾಯುತ್ತದೆ. ಹುಳು ಕಾಯುವುದಿಲ್ಲ. ಒಂದೊಂದನ್ನೂ ಕೈಯಿಂದ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಬಿದಿರಿನ ದಬ್ಬೆಯನ್ನು ಸುರುಳಿ ಸುರುಳಿಯಾಗಿ ಸುತ್ತಿ ಕಟ್ಟಿದ ದೊಡ್ಡ ಚಾಪೆ. ಆ ಸುರುಳಿಯ ಸಂದಿಯಲ್ಲಿ ಹುಳು ಗೂಡು ಕಟ್ಟಿಕೊಳ್ಳುತ್ತದೆ. ಬಿಡುವುದು ತಡವಾಯಿತೋ, ಇದ್ದಲ್ಲೇ ಎಲೆ ಕಸ ಹಿಕ್ಕೆಗಳ ನಡುವೆ ನೂಲು ಉಗುಳಿ ಮುಗಿಸಿಬಿಡುತ್ತದೆ. ಆಮೇಲೆ ಅದನ್ನು ಕೊಳ್ಳೇಗಾಲದ ಗೂಡಿನ ಮಾರ್ಕೆಟ್ಟಿಗೆ ಒಯ್ದರೆ ಹರಾಜು ಕೂಗುವವನು ಮುಖ ತಿರುಗಿಸುತ್ತಾನೆ. ಇಡೀ ಬೆಳೆಯ ದುಡಿಮೆ ಆ ಒಂದು ದಿನದ ಕೈಯಲ್ಲಿರುತ್ತದೆ.

ನನ್ನ ಲೆಕ್ಕದ ಪ್ರಕಾರ ಆ ದಿನ ಸೋಮವಾರ. ಸೆಕೆ ಜೋರಾಗಿದ್ದರಿಂದ ಹುಳು ಒಂದು ದಿನ ಮುಂದೆ ಓಡಿಬಿಟ್ಟಿತ್ತು. ಯಳಂದೂರಿನವರೊಬ್ಬರಿಂದ ಬಾಡಿಗೆ ಚಂದ್ರಿಕೆ ಬರಬೇಕಾಗಿದ್ದುದು ಸೋಮವಾರ. ಹುಳು ಆರಿಸಲು ನಮ್ಮ ಬೀದಿಯ ಹೆಂಗಸರು ಮುಯ್ಯಾಳಾಗಿ ಬರಲು ಒಪ್ಪಿದ್ದುದೂ ಸೋಮವಾರ. ಭಾನುವಾರಕ್ಕೆ ಅವರಿಗೆ ಬೇರೆ ಕೆಲಸ ಇತ್ತು. ಅವರು ಟೀವಿಯಲ್ಲಿ ಬರುವವರಿದ್ದರು.

ಅವರು ಅಂದರೆ ನಾವು. ನಮ್ಮದೊಂದು ಸೋಬಾನೆ ಮೇಳ ಇದೆ. ಸರ್ಕಾರಿ ಚಾನೆಲ್ಲಿನವರು ಹನೂರಿನ ಶಾಲೆಯೊಂದರ ಬಯಲಿಗೆ ನಮ್ಮನ್ನು ಕರೆಸಿ ಒಂದು ಪದ ಹೇಳಿಸಿಕೊಂಡು ಹೋಗಿದ್ದರು. ಹಿಂದಿನ ಸಾಲಿನಲ್ಲಿ ನಾನೂ ನಿಂತಿದ್ದೆ. ಮೇಳಕ್ಕೆ ಹಿರಿಯಳಾದ ಹಾಡುಗಾರ್ತಿಯನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತೇವೆ. ಶನಿವಾರ ಚಾನೆಲ್ಲಿನಿಂದ ಅಕ್ಕನಿಗೆ ಫೋನು ಬಂದಿತ್ತು. ನಾಳೆ ಪ್ರಸಾರವಾಗುತ್ತದೆ, ಆದರೆ ಹೊತ್ತು ಹೇಳಲಾಗುವುದಿಲ್ಲ, ಎರಡು ಕಾರ್ಯಕ್ರಮಗಳ ನಡುವೆ ಎಲ್ಲಿ ಗ್ಯಾಪು ಸಿಗುತ್ತದೋ ಅಲ್ಲಿ ಹಾಕುತ್ತಾರೆ ಎಂದು. ಯಾವ ಗ್ಯಾಪು ಎಂದು ಅಕ್ಕ ಕೇಳಿದ್ದಾಳೆ. ಅದು ನಮಗೂ ಆಗಲೇ ಗೊತ್ತಾಗುವುದು ಎಂದರಂತೆ. ಹಾಗಾಗಿ ಭಾನುವಾರ ಬೆಳಗಿನ ಭಕ್ತಿಗೀತೆಯಿಂದಲೇ ಮೇಳವೆಲ್ಲ ಅಕ್ಕನ ಮನೆಯ ನಡುಮನೆಯಲ್ಲಿ ಕೂತಿತ್ತು.

ನಮ್ಮ ಯಜಮಾನರು ಗೂಡ್ಸ್ ಆಟೋದವನನ್ನು ಎಬ್ಬಿಸಿಕೊಂಡು ಚಂದ್ರಿಕೆ ತರಲು ಯಳಂದೂರಿಗೆ ಹೊರಟರು. ನಾನು ಅಕ್ಕನ ಮನೆಗೆ ಹೋದೆ. ಅಲ್ಲಿ ಒಬ್ಬ ತೆಳ್ಳಗಿನ ಮನುಷ್ಯ ಟೀವಿಯಲ್ಲಿ ಕಾಲನ್ನು ಕತ್ತಿನ ಹಿಂದೆ ಇಟ್ಟುಕೊಂಡು ಆರಾಮವಾಗಿ ಮಾತಾಡುತ್ತಿದ್ದ. ಎಲ್ಲರೂ ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದರು.

"ಅಕ್ಕ, ಉಳ ಹಣ್ಣಾಗೋಗವೆ. ಎದ್ದು ಬನ್ರವ್ವ."

"ಮುಯ್ಯಿ ನಾಳೀಕೆ ತಾನೆ ಮಾತಾಗಿದ್ದು?" ಅಕ್ಕ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ನಾಳೆ ಕೋಳಿ ಕೂಗೋದ್ರೊಳಗೆ ಬತ್ತೀವಿ ಕಣವ್ವ."

"ನಾಳೆ ಬಂದು ಏನ್ ಮಾಡೀರಿ, ಕಸ ಗುಡ್ಸೀರಾ?"

"ನೀನೂ ಬಾ, ಕೂತ್ಕೊ. ನೀನೂ ಇದ್ದೀಯಲ್ಲ ಅದ್ರಲ್ಲಿ."

"ಉಳಕ್ಕೆ ಏನ್ ಹೇಳ್ಲಿ? ನಾನು ಟೀವೀಲಿ ಬತ್ತೀನಿ, ವಸಿ ತಡ್ಕಳಪ್ಪ ಅನ್ಲಾ?"

ಮೂಲೆ ಮನೆಯ ಸೊಸೆ ಕಿಸಕ್ಕೆಂದಳು. ಮೇಳದಲ್ಲಿ ಅವಳೇ ಕಿರಿಯಳು, ನಾಲಿಗೆ ಮಾತ್ರ ಎಲ್ಲರಿಗಿಂತ ಹಿರಿದು. "ಯೋಳು ಕಣಕ್ಕ, ಕೇಳ್ದ್ರೂ ಕೇಳ್ತವೆ. ನೀನು ಹೇಳಿದ್ದು ನಿನ್ ಗಂಡ, ನಮ್ಮಣ್ಣ, ಒಬ್ನೇ ಕೇಳದೆ ಇರಾದು."

ಆಮೇಲೆ ಮೊಬೈಲಿನಲ್ಲಿ ನೋಡಬಹುದಂತಲ್ಲ ಎಂದೂ ಹೇಳಿ ನೋಡಿದೆ. ಅಕ್ಕ ಈಗ ನನ್ನ ಕಡೆ ತಿರುಗಿದಳು.

"ಮೊಬೈಲ್ನಲ್ಲಿ ಕಾಗೆ ಕೂಗಿದ್ರೂ ಬತ್ತದೆ. ಟೀವೀಲಿ ಬಂದಾಗ ನೋಡೋದೇ ಬ್ಯಾರೆ. ನಾವು ಬರೋ ಹೊತ್ಗೆ ಊರೋರೆಲ್ಲ ನೋಡ್ತಾ ಇರ್ತಾರೆ, ನಾವೇ ನೋಡ್ಲಿಲ್ಲ ಅಂದ್ರೆ?"

ಮುಯ್ಯಿಯ ವಿಷಯದಲ್ಲಿ ಅಕ್ಕ ಹೇಳಿದ್ದು ಸರಿಯೇ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಹೋಗಿ ಬರುವ ಈ ಪದ್ಧತಿಯಲ್ಲಿ ಒಪ್ಪಿದ ದಿನಕ್ಕೇ ಬೆಲೆ. ಒಪ್ಪದ ದಿನ ಕರೆಯುವವಳು ಬೇಡಬಹುದೇ ಹೊರತು ಕೇಳುವಂತಿಲ್ಲ.

ವಾಪಸು ಬಂದು ನಾನೂ ಅತ್ತೆಯೂ ಆರಿಸಲು ಕೂತೆವು. ಅತ್ತೆಗೆ ಕಣ್ಣು ಹದ್ದಿನದು, ಕಿವಿ ಮಾತ್ರ ಮಂದ. ಹಣ್ಣು ಹುಳುವನ್ನು ಹಿಡಿಯುವುದಕ್ಕೂ ಒಂದು ಹದ ಇದೆ. ಒತ್ತಿದರೆ ಒಳಗಿನ ನೂಲಿನ ಚೀಲಕ್ಕೆ ಪೆಟ್ಟು, ಸಡಿಲ ಬಿಟ್ಟರೆ ತಟ್ಟೆಗೆ ಕಾಲೂರಿಕೊಂಡು ಬಿಡಿಸಲು ಬರುವುದಿಲ್ಲ. ಬೆನ್ನಿಗೆ ಎರಡು ಬೆರಳು ತಾಗಿಸಿ ಹೂ ಬಿಡಿಸಿದ ಹಾಗೆ ಎತ್ತಬೇಕು. ಹಸಿ ಹುಳು ಬಿಟ್ಟು ಹಣ್ಣನ್ನಷ್ಟೇ ಎತ್ತಬೇಕು. ಇಬ್ಬರೂ ಸೇರಿ ಒಂದು ತಟ್ಟೆ ಮುಗಿಸುವ ಹೊತ್ತಿಗೆ ಪಕ್ಕದ ತಟ್ಟೆಯ ಮೂಲೆಯಲ್ಲಿ ಜೇಡರ ಬಲೆಯ ಹಾಗೆ ಎಳೆ ಮಿಂಚುತ್ತಿತ್ತು. ಸ್ಟ್ಯಾಂಡಿನ ತುದಿಯವರೆಗೆ ತಟ್ಟೆಗಳನ್ನು ನೋಡಿದೆ. ಇಬ್ಬರ ಕೈಯಲ್ಲಿ ಆಗುವುದಲ್ಲ.

ಆಗ ಹೊಳೆಯಿತು. ಹೆಂಗಸರು ಟೀವಿ ಬಿಟ್ಟು ಬರುವುದಿಲ್ಲ, ನಿಜ. ಆದರೆ ಟೀವಿ ಮನೆ ಬಿಟ್ಟು ಬರಬಾರದು ಎಂದು ಯಾರು ಹೇಳಿದರು?

ನಮ್ಮ ಮನೆಯ ಟೀವಿ ಇದ್ದಿದ್ದರೆ ಇಷ್ಟೂ ಬೇಕಾಗಿರಲಿಲ್ಲ. ಅದು ಕೊಳ್ಳೇಗಾಲದ ರಿಪೇರಿ ಅಂಗಡಿಗೆ ಹೋಗಿ ಹಬ್ಬಗಳು ಕಳೆದಿದ್ದವು. ಅಕ್ಕನ ಮನೆಯದು ತಿಂಗಳ ಬಾಡಿಗೆಯಿಲ್ಲದ ಡಿಶ್ಶು. ಪೆಟ್ಟಿಗೆ, ವೈರು, ತಟ್ಟೆ ಎಲ್ಲವೂ ಎತ್ತಿಕೊಂಡು ಹೋಗುವಂಥದ್ದು. ಅಡ್ಡಿ ಇದ್ದದ್ದು ಅತ್ತೆಯದು. ಹುಳು ಮನೆಯೊಳಗೆ ನಶ್ಯ ಕೂಡದು, ಒಗ್ಗರಣೆ ಹೊಗೆ ಕೂಡದು, ಘಮಘಮ ಹೂ ಮುಡಿದು ಬರಕೂಡದು, ಕೈಕಾಲು ತೊಳೆಯದೆ ಹೊಸ್ತಿಲು ದಾಟಕೂಡದು, ಗಟ್ಟಿಯಾಗಿ ಮಾತಾಡಕೂಡದು. ಟೀವಿಯ ಮಾತು ಆ ಪಟ್ಟಿಯಲ್ಲಿ ಇರಲಿಲ್ಲ, ಯಾರೂ ತರುತ್ತಾರೆಂದು ಅವರು ಎಣಿಸಿರಲಿಲ್ಲವಾದ್ದರಿಂದ.

ಅವರ ಕಿವಿಯ ಹತ್ತಿರ ಬಾಗಿ ವಿಷಯ ಹೇಳಿದೆ. ಅತ್ತೆ ತಟ್ಟೆಗಳನ್ನು ನೋಡಿದರು, ನನ್ನ ಮುಖ ನೋಡಿದರು.

"ಬರ್ಲಿ. ಸದ್ದು ಮಾತ್ರ ಆಗ್ಕೂಡ್ದು. ಉಳ ನೂಲೋವಾಗ ಸದ್ದಾದ್ರೆ ಎಳೆ ಕಿತ್ತೋಯ್ತದೆ."

ವರ್ಷಗಳಿಂದ ಒಂದು ಸದ್ದನ್ನೂ ನೆಟ್ಟಗೆ ಕೇಳದವರು ಸದ್ದಿಗೆ ಇಷ್ಟು ಹೆದರುವುದು ಕಂಡು ನಗು ಬಂದರೂ ನಗುವ ಹೊತ್ತಲ್ಲ ಅದು. ಓಡಿದೆ.

ಅಕ್ಕ ಒಪ್ಪಿದಳು. ಆದರೆ ಸಾಗಿಸುವಾಗಲೇ ನಮ್ಮ ಪದ ಬಂದುಬಿಟ್ಟರೆ? ಮೇಳಕ್ಕೆ ಈಗ ಅದೇ ಚಿಂತೆ. ದೊಡ್ಡದೊಂದು ಕಾರ್ಯಕ್ರಮ ಶುರುವಾದ ಮೇಲೆ ಎತ್ತೋಣ ಎಂದಾಯಿತು. ಮಕ್ಕಳ ರಸಪ್ರಶ್ನೆ ಬಂತು, ಅದು ಸಣ್ಣದೆಂದು ಬಿಟ್ಟೆವು. ನನಗೆ ಒಳಗೆ ಒಂದೊಂದು ಪ್ರಶ್ನೆಯೂ ಒಂದೊಂದು ತಟ್ಟೆಯಂತೆ ಕಾಣುತ್ತಿತ್ತು. ಕೊನೆಗೆ ಯಾವುದೋ ಸಭೆಯಲ್ಲಿ ಒಬ್ಬರು ಭಾಷಣಕ್ಕೆ ನಿಂತರು. ಅಕ್ಕ ಅವರ ಕೈಯಲ್ಲಿದ್ದ ಕಾಗದದ ಕಟ್ಟಿನ ದಪ್ಪ ನೋಡಿದಳು.

"ಇದು ಬ್ಯಾಗ ಮುಗಿಯೋ ಭಾಸ್ಣ ಅಲ್ಲ. ಎತ್ರವ್ವ."

ಟೀವಿಗೆ ಸೀರೆ ಸುತ್ತಿ ಮದುಮಗಳ ಹಾಗೆ ನಡುವೆ ಹಿಡಿದುಕೊಂಡರು. ಪೆಟ್ಟಿಗೆ ನಮ್ಮ ಮೇಳದವಳೇ ಆದ ಅಂಗನವಾಡಿ ಆಯಾಳ ಕಂಕುಳಲ್ಲಿ. ಡಿಶ್ಶಿನ ತಟ್ಟೆ ಬಿಚ್ಚಲು ಹೋದರೆ ಅದರ ಬೋಲ್ಟು ತುಕ್ಕು ಹಿಡಿದು ಮುರಿದೇ ಹೋಯಿತು. ತಟ್ಟೆಯನ್ನು ಮೂಲೆ ಮನೆ ಸೊಸೆ ತಲೆಯ ಮೇಲೆ ಮಂಕರಿಯಂತೆ ಹೊತ್ತಳು. ಬೀದಿಯಲ್ಲಿ ಎದುರಾದ ಒಬ್ಬ ಗಂಡಸು ನಿಂತು ಕೇಳಿದ: "ಏನ್ರವ್ವಾ, ಟೀವಿ ಮೆರವಣಿಗೆಯಾ?"

"ಊಂ ಕಣಣ್ಣ, ನಾಳೆ ನಿನ್ನ ಮೆರವಣಿಗೆ ಮಾಡ್ತೀವಿ, ಜಾಗ ಬುಡು ಈಗ," ಎಂದು ಸೊಸೆ ತಟ್ಟೆಯ ಕೆಳಗಿನಿಂದಲೇ ಹೇಳಿದಳು.

ಹುಳು ಮನೆಗೆ ಎರಡು ಭಾಗ. ಮುಂದೆ ಸೊಪ್ಪು ಇಡುವ ಕೋಣೆ, ಹಿಂದೆ ಹುಳು ಸಾಕುವ ದೊಡ್ಡ ಕೋಣೆ. ಡಿಶ್ಶಿನ ತಟ್ಟೆಯನ್ನು ಹೊರಗೆ ಸಿಮೆಂಟು ತೊಟ್ಟಿಯ ಪಕ್ಕದ ಬಟ್ಟೆ ಒಣಹಾಕುವ ಕಂಬಕ್ಕೆ ನೈಲಾನ್ ಹಗ್ಗದಿಂದ ಕಟ್ಟಿದೆವು. ಯಾವ ದಿಕ್ಕಿಗೆ ತಿರುಗಿಸುವುದು ಎಂಬುದು ಮುಂದಿನ ಪ್ರಶ್ನೆ. ಅಕ್ಕನಿಗೆ ಗೊತ್ತಿದ್ದದ್ದು ಅವಳ ಮನೆಯ ಮೇಲೆ ಅದು ತೆಂಗಿನಮರದ ತಲೆ ನೋಡುತ್ತಿತ್ತು ಎಂಬುದಷ್ಟೇ. ನಮ್ಮ ಅಂಗಳದಲ್ಲಿ ತೆಂಗಿನಮರವಿಲ್ಲ. ಆಯಾ ನೆನಪಿಸಿಕೊಂಡು, ಹಾಕಲು ಬಂದವನು ಆಗ್ನೇಯ ಆಗ್ನೇಯ ಎನ್ನುತ್ತಿದ್ದ ಎಂದಳು. ಆಗ್ನೇಯವೆಂದರೆ ಒಲೆ ಮೂಲೆ. ಅತ್ತೆಯ ಅಡುಗೆಮನೆಯ ಒಲೆಯ ಕಡೆಗೆ ತಟ್ಟೆಯ ಮುಖ ತಿರುಗಿಸಿ, ಆಕಾಶಕ್ಕೆ ಎತ್ತಿ, ಒಂದೊಂದು ಬೆರಳಷ್ಟೇ ಅಲ್ಲಾಡಿಸುತ್ತ ಹೋದೆ. ಟೀವಿಯ ಹತ್ತಿರ ಒಬ್ಬಳು, ಬಾಗಿಲಲ್ಲಿ ಒಬ್ಬಳು, ತೊಟ್ಟಿಯ ಹತ್ತಿರ ನಾನು. ಬಂತಾ ಎಂದು ಕೂಗುವಂತಿಲ್ಲ, ಅತ್ತೆಯ ಕಾನೂನು. ಒಳಗಿನವಳು ಕೈ ಆಡಿಸುವುದು, ಬಾಗಿಲಿನವಳು ಅದನ್ನೇ ನೋಡಿ ನನಗೆ ಕೈ ಆಡಿಸುವುದು. ಮಧ್ಯದಲ್ಲಿ ಬಾಗಿಲಿನವಳು ನೊಣ ಓಡಿಸಿದ್ದನ್ನು ನಾನು ಬಂತು ಎಂದು ತಿಳಿದು ಹಗ್ಗ ಬಿಗಿದುಬಿಟ್ಟೆ. ಮತ್ತೆ ಬಿಚ್ಚಿ ಮತ್ತೆ ಶುರು. ಅಂತೂ ಚಿತ್ರ ಬಂದಾಗ ಆ ಮಹಾನುಭಾವರು ಇನ್ನೂ ಭಾಷಣ ಮಾಡುತ್ತಲೇ ಇದ್ದರು, ಕೈಯಲ್ಲಿ ಹಾಳೆಗಳೂ ಇನ್ನೂ ಉಳಿದಿದ್ದವು. ಅಕ್ಕ ಅವರಿಗೆ ಅಲ್ಲಿಂದಲೇ ಕೈ ಮುಗಿದಳು.

ಮೊದಲು ಟೀವಿಯನ್ನು ಒಳಕೋಣೆಯಲ್ಲೇ ಇಟ್ಟಿದ್ದೆವು. ಅದು ತಪ್ಪಾಯಿತು. ಹಣ್ಣು ಹುಳುವಿಗೆ ಒಂದು ಕಡೆಯಿಂದ ಬೆಳಕು ಬಿದ್ದರೆ ಆಗುವುದಿಲ್ಲ, ಕತ್ತಲ ಕಡೆಗೆ ಓಡುತ್ತದೆ. ನೋಡನೋಡುತ್ತಲೇ ಟೀವಿಯ ಎದುರಿನ ತಟ್ಟೆಗಳಲ್ಲಿ ಹುಳುಗಳೆಲ್ಲ ಹಿಂದಿನ ಅಂಚಿಗೆ ಹೋಗಿ ಒಂದರ ಮೇಲೊಂದು ಗುಡ್ಡೆಯಾದವು. ಹಾಗೆ ಬಿಟ್ಟರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ, ಅದರ ಎಳೆ ಬಿಚ್ಚಲು ಬರುವುದಿಲ್ಲ.

"ಭಾಸ್ಣ ಉಳಕ್ಕೂ ಬ್ಯಾಡಂತೆ ಕಣಕ್ಕ," ಎಂದಳು ಸೊಸೆ.

ಟೀವಿಯನ್ನು ಮುಂದಿನ ಕೋಣೆಗೆ ತಂದು ಹೊರಬಾಗಿಲಲ್ಲಿ, ಬೆನ್ನು ಅಂಗಳಕ್ಕೆ ಮುಖ ಒಳಕ್ಕೆ ಮಾಡಿ, ಸೊಪ್ಪಿನ ಬುಟ್ಟಿ ಮಗುಚಿ ಅದರ ಮೇಲೆ ಕೂರಿಸಿದೆವು. ಒಳಕೋಣೆಯ ಬಾಗಿಲಿಗೆ ಎರಡು ಹಳೆ ಸೀರೆಯ ಪರದೆ. ಹುಳುವಿನ ತಟ್ಟೆ ಹೊರಗೆ ಬರುವುದು, ಇಲ್ಲಿ ಆರಿಸುವುದು, ಚಂದ್ರಿಕೆಗೆ ಬಿಟ್ಟು ಪರದೆಯ ಹಿಂದೆ ಕತ್ತಲಿಗೆ ಕಳಿಸುವುದು. ಹುಳು ಹಣ್ಣಾದ ಮೇಲೆ ಒಂದು ಸಲ ಉಚ್ಚೆ ಹೊಯ್ದು ಆಮೇಲೆ ನೂಲಲು ಕೂರುತ್ತದೆ, ಅದಕ್ಕೆ ಚಂದ್ರಿಕೆಯನ್ನು ಓರೆಯಾಗಿ ನಿಲ್ಲಿಸಿ ಅಡಿಗೆ ಪೇಪರು ಹಾಸುವುದು. ಅತ್ತೆ ರಿಮೋಟಿನಲ್ಲಿ ಸದ್ದನ್ನು ಪೂರಾ ಇಳಿಸಿ, ರಿಮೋಟನ್ನು ತಮ್ಮ ಎಲೆಅಡಿಕೆ ಚೀಲದೊಳಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹೀಗೆ ನಾವು ಆ ದಿನದ ಕಾರ್ಯಕ್ರಮಗಳನ್ನೆಲ್ಲ ಸದ್ದಿಲ್ಲದೆ ನೋಡಿದೆವು.

ಒಬ್ಬ ಡಾಕ್ಟರು ಬಣ್ಣದ ಚಿತ್ರ ಹಿಡಿದು ಕಡ್ಡಿಯಿಂದ ತೋರಿಸಿದರು. ಆಯಾ ಅದು ಗುಂಡಿಗೆ ಎಂದಳು, ಅಕ್ಕ ಸೀಮೆಬದನೆ ಎಂದಳು. ಬಿಳಿಯ ಪರದೆಯ ಮನೆಯೊಳಗೆ ಒಬ್ಬ ರೈತ ಕೂಲಿಂಗ್ ಗ್ಲಾಸು ಹಾಕಿಕೊಂಡು ದೊಣ್ಣೆಮೆಣಸಿನಕಾಯಿ ಸವರುತ್ತಿದ್ದ.

"ನೆರಳಲ್ಲಿ ನಿಂತು ಅದ್ಯಾಕೆ ಕರಿ ಕನ್ನಡಕ ಅವ್ನಿಗೆ?"

"ಸಾಲದೋನು ಬಂದ್ರೆ ಗುರ್ತು ಸಿಕ್ಬಾರ್ದು ಅಂತ."

ಆಮೇಲೆ ಒಂದಷ್ಟು ಜನ ವೇದಿಕೆಯ ಮೇಲೆ ಸಾಲಾಗಿ ಕೂತಿದ್ದರು. ಒಬ್ಬೊಬ್ಬರೇ ಎದ್ದು ಚೀಟಿ ನೋಡಿ ಏನೋ ಓದುವುದು, ಉಳಿದವರು ಕಣ್ಣು ಮುಚ್ಚಿ ತಲೆದೂಗುವುದು.

"ಪಂಚಾಯ್ತಿ ಮೀಟಿಂಗು," ಎಂದಳು ಸೊಸೆ.

"ಪಂಚಾಯ್ತೀಲಿ ಇಂಗೆ ತಲೆ ಆಡ್ಸಾಕಿಲ್ಲ ಕಣೆ, ಬೆರ್ಳು ಆಡುಸ್ತಾರೆ. ಇದು ಕವಿಗೋಷ್ಠಿ."

ನಾನು ಕೆಲಸದ ಯಜಮಾನಿಯಾಗಿ ಬೇಗನೆ ಒಂದು ವಿಷಯ ಕಂಡುಕೊಂಡೆ. ಕಾರ್ಯಕ್ರಮ ಉದ್ದವಾದಷ್ಟೂ ಕೈ ಚುರುಕು. ಕಾರ್ಯಕ್ರಮ ಮುಗಿಯುತ್ತ ಬಂದ ಹಾಗೆ ಕೈ ನಿಧಾನವಾಗಿ, ಗ್ಯಾಪು ಬಂದಾಗ ಪೂರ್ತಿ ನಿಂತು, ಹುಳು ಹಿಡಿದ ಬೆರಳು ಹಾಗೆಯೇ ಗಾಳಿಯಲ್ಲಿ ಉಳಿಯುತ್ತಿತ್ತು. ಮುಂದಿನ ಕಾರ್ಯಕ್ರಮದ ಹೆಸರು ಬಿದ್ದ ಮೇಲೆ ಎಲ್ಲರದೂ ಒಂದು ಉಸಿರು, ಮತ್ತೆ ಬಗ್ಗುವುದು. ವೀಣೆಯವರೊಬ್ಬರು ಕಣ್ಣು ಮುಚ್ಚಿ ಕೂತು ತಂತಿ ಮೀಟುತ್ತಲೇ ಇದ್ದರು. ಅವರ ಪುಣ್ಯದಲ್ಲಿ ಒಂದು ಸ್ಟ್ಯಾಂಡಿನ ತಟ್ಟೆಗಳೆಲ್ಲ ಖಾಲಿಯಾದವು. ಜಾಹೀರಾತು ಬಂದರೆ ನಾನು ಉಳಿದ ತಟ್ಟೆಗಳನ್ನು ಎಣಿಸುತ್ತಿದ್ದೆ. ಅದರಲ್ಲೂ ಸೋಪಿನಿಂದ ಕೈ ತೊಳೆಯಿರಿ ಎಂಬ ಸರ್ಕಾರದ ಒಂದು ಜಾಹೀರಾತು ಮತ್ತೆ ಮತ್ತೆ ಬರುತ್ತಿತ್ತು. ಅದು ಬಂದಾಗಲೆಲ್ಲ ಅತ್ತೆ, ಟೀವಿಯವರೇ ಹೇಳ್ತಾವ್ರೆ ಎಂದು, ಎಲ್ಲರನ್ನೂ ಎಬ್ಬಿಸಿ ಬ್ಲೀಚಿಂಗ್ ನೀರಿನಲ್ಲಿ ಕೈ ತೊಳೆಸಿ ಕೂರಿಸುತ್ತಿದ್ದರು. ಹುಳುವಿಗೆ ರೋಗ ತಗಲದಿರಲು ಅದು ಒಳ್ಳೆಯದೇ. ಕೆಲಸಕ್ಕೆ ಅಲ್ಲ.

ನಮ್ಮತ್ತೆ ಸದ್ದಿಲ್ಲದ ಟೀವಿ ನೋಡುವುದರಲ್ಲಿ ಪಳಗಿದವರು. ನಾವು ಊಹೆ ಮಾಡಿ ಜಗಳವಾಡುತ್ತಿದ್ದರೆ ಅವರು ಇವ್ನು ಸುಳ್ಳು ಹೇಳ್ತಾವ್ನೆ, ಇವಳಿಗೆ ಹೊಟ್ಟೆ ಹಸಿದದೆ ಎಂದು ಒಂದೊಂದು ಮಾತಿನಲ್ಲಿ ಮುಗಿಸುತ್ತಿದ್ದರು. ಕಿವಿ ಕೇಳದವರಿಗಾಗಿ ಕೈಸನ್ನೆಯಲ್ಲಿ ವಾರ್ತೆ ಹೇಳುವ ಹೆಣ್ಣುಮಗಳು ಬಂದಾಗ ಮಾತ್ರ ಅತ್ತೆ ಕೆಲಸ ಬಿಟ್ಟು ನೆಟ್ಟಗೆ ಕೂತರು.

"ಬೆಳಗಿಂದ ಇವಳೊಬ್ಳೇ ಕಣ್ರವ್ವ ಮಾತಾಡಿದ್ದು. ಮಿಕ್ಕೋರೆಲ್ಲ ಬಾಯಿ ಬುಟ್ಟು ಮುಚ್ಚಿದ್ದಷ್ಟೆ."

ಊಟದ ಹೊತ್ತು ಕಳೆದ ಮೇಲೆ ಯಜಮಾನರು ಚಂದ್ರಿಕೆ ತಂದರು. ಅಷ್ಟರಲ್ಲಿ ನಮ್ಮಲ್ಲಿದ್ದ ಹಳೆಯ ಚಂದ್ರಿಕೆಗಳೆಲ್ಲ ತುಂಬಿ, ಹುಳು ಬಿಡಲು ಜಾಗವಿಲ್ಲದೆ ಮೊರಗಳಲ್ಲಿ ಹಿಡಿದುಕೊಂಡಿದ್ದೆವು. ಬಂದವರು ಬಾಗಿಲಲ್ಲಿ ಟೀವಿಯ ಬೆನ್ನು ಕಂಡು ನಿಂತರು.

"ಇದೇನು, ಸೌಂಡ್ ಕೆಟ್ಟೋಗದಾ?"

"ಕೆಟ್ಟಿಲ್ಲ. ಅತ್ತೆ ಚೀಲದಲ್ಲದೆ."

ಅವರು ಇನ್ನೇನೂ ಕೇಳಲಿಲ್ಲ. ಮೂವತ್ತು ವರ್ಷ ಆ ಚೀಲದ ಮಗನಾಗಿದ್ದವರು. ಆದರೆ ಯಳಂದೂರಿನವರು ಅವಸರದಲ್ಲಿ ಕೊಟ್ಟಿದ್ದ ಚಂದ್ರಿಕೆಗಳಲ್ಲಿ ಹಿಂದಿನ ಬೆಳೆಯ ನೂಲಿನ ಜುಂಗು ಹಾಗೆಯೇ ಅಂಟಿಕೊಂಡಿತ್ತು. ಒಣಹುಲ್ಲಿನ ಉರಿ ಸೋಕಿಸಿ ಅದನ್ನು ಸುಟ್ಟು ತೆಗೆಯದೆ ಹುಳು ಬಿಡುವಂತಿಲ್ಲ. ಯಜಮಾನರು ಮನೆಯ ಹಿಂದೆ ಹೋಗಿ ಉರಿ ಹಾಕಿದರು. ಒಂದೊಂದೇ ಸುಟ್ಟು, ಒದರಿ, ಆರಿಸಿ ಕೊಡುವುದು, ನಾವು ತುಂಬುವುದು. ಟೀವಿಯಲ್ಲಿ ಆಗ ಒಂದು ಹಳೆಯ ಸಿನಿಮಾ. ಅದು ನನಗೆ ದೇವರು ಕೊಟ್ಟ ವರ. ಅಕ್ಕಪಕ್ಕ ನೋಡದೆ ಎಲ್ಲರೂ ದುಡಿದರು. ಸಿನಿಮಾದ ತಾಯಿ ಸಾಯುವ ಹೊತ್ತಿಗೆ ಮೇಲಿನ ತಟ್ಟೆಗಳು ಮುಗಿದು ಕೆಳಗಿನವಷ್ಟೇ ಉಳಿದಿದ್ದವು. ನನಗೆ ಮೊದಲ ಬಾರಿ ಧೈರ್ಯ ಬಂತು.

ಸಿನಿಮಾ ಮುಗಿಯುತ್ತಿದ್ದಂತೆ ಗಾಳಿ ಎದ್ದಿತು. ಟೀವಿಯ ಚಿತ್ರ ಚೌಕ ಚೌಕವಾಗಿ ಒಡೆದು, ನಾಯಕನ ಮೂಗು ಒಂದು ಕಡೆ ಮೀಸೆ ಒಂದು ಕಡೆ ಆಗಿ, ನಿಂತೇ ಹೋಯಿತು. ಒಳಗೆ ಎಲ್ಲ ಕೈಗಳೂ ನಿಂತವು. ಉಳಿದ ತಟ್ಟೆಗಳಲ್ಲಿ ಹುಳು ಅಂಚು ದಾಟಿ ಸ್ಟ್ಯಾಂಡಿನ ಕಾಲಿಗೆ ಹತ್ತುತ್ತಿದ್ದವು. ಯಜಮಾನರನ್ನು ಕರೆಯೋಣವೆಂದರೆ ಗಾಳಿಯಲ್ಲಿ ಉರಿ ಬಿಟ್ಟು ಬರುವಂತಿಲ್ಲ. ನಾನೇ ಹೊರಗೆ ಓಡಿದೆ. ಬೋಲ್ಟಿಲ್ಲದ ತಟ್ಟೆ ಹಗ್ಗದಲ್ಲಿ ಜಾರಿ ಅತ್ತೆಯ ಒಲೆ ಬಿಟ್ಟು ನೆರೆಮನೆಯ ಕೊಟ್ಟಿಗೆ ನೋಡುತ್ತಿತ್ತು. ತೊಟ್ಟಿಯ ಕಟ್ಟೆ ಹತ್ತಿ, ಎರಡೂ ಕೈಯಲ್ಲಿ ಹಿಡಿದು, ಒಲೆ ಮೂಲೆಗೆ ತಿರುಗಿಸಿ, ಮೇಲೆತ್ತಿದೆ. ಬಾಗಿಲಿನಿಂದ ಆಯಾ ಕೈ ಎತ್ತಿದಳು. ಬಂತು. ಬಿಟ್ಟೆ. ಕೈ ಇಳಿಯಿತು. ಹೋಯಿತು. ಮತ್ತೆ ಹಿಡಿದೆ. ಹಗ್ಗ ಬಿಗಿಯಲು ಒಂದು ಕೈ ಬೇಕು, ಆ ಒಂದು ಕೈ ತೆಗೆದರೆ ಚಿತ್ರ ಹೋಗುತ್ತದೆ.

ಆಗಲೇ ಅದು ಬಂದದ್ದು.

ನನಗೆ ಕಾಣುತ್ತಿದ್ದುದು ಟೀವಿಯ ಕಪ್ಪು ಬೆನ್ನು, ಅದರಾಚೆ ಹೆಂಗಸರ ಮುಖಗಳು. ಆ ಮುಖಗಳೆಲ್ಲ ಒಟ್ಟಿಗೆ ಬೆಳಗಾದವು. ಅಕ್ಕನ ಬಾಯಿ ತೆರೆಯಿತು. ಸೊಸೆ ತನ್ನ ಎದೆ ಮುಟ್ಟಿ ತೋರಿಸಿಕೊಂಡಳು. ಆಯಾ ನನ್ನ ಕಡೆ ತಿರುಗಿ ಎರಡೂ ಕೈ ಒಟ್ಟಿಗೆ ಆಡಿಸಿದಳು. ಅದರ ಅರ್ಥ ಬಾ ಎಂದಲ್ಲ, ಅಲ್ಲಾಡಬೇಡ ಎಂದು. ನನಗೂ ಗೊತ್ತಿತ್ತು. ನಾನು ಇಳಿದರೆ ನನಗೂ ಇಲ್ಲ, ಅವರಿಗೂ ಇಲ್ಲ. ಅವರಿಗೆ ಇಲ್ಲವಾದರೆ ಕೆಳಗಿನ ತಟ್ಟೆಗಳಿಗೂ ಯಾರೂ ಇಲ್ಲ. ತಟ್ಟೆಯನ್ನು ಬಿಗಿ ಹಿಡಿದು ನಿಂತೆ.

ಅಕ್ಕ ಅತ್ತೆಯನ್ನು ಬಾಯಲ್ಲಿ ಅಲ್ಲ, ಕೈಯಲ್ಲೇ ಬೇಡುತ್ತಿದ್ದಳು. ಚೀಲದ ಕಡೆ ಬೆರಳು ತೋರಿಸಿ, ಕಿವಿ ಮುಟ್ಟಿ, ಕೈ ಮುಗಿದು. ಅತ್ತೆ ತಲೆ ಅಡ್ಡಡ್ಡ ಆಡಿಸಿದರು. ಅವರ ಒಂದು ಕೈ ಚೀಲದ ಮೇಲೆ ಭದ್ರವಾಗಿ ಕೂತಿತ್ತು. ಟೀವಿಯೊಳಗೆ ಪದ ಮುಂದಕ್ಕೆ ಹೋಗುತ್ತಿರಬೇಕು, ಬಾಯಿ ಆಡುತ್ತಿರಬೇಕು, ಸದ್ದಿಲ್ಲ.

ಆಗ ಅಕ್ಕ ಟೀವಿಯಲ್ಲಿ ತನ್ನ ಬಾಯಿ ಆಡುವುದನ್ನು ನೋಡಿಕೊಂಡೇ, ಅದಕ್ಕೆ ಸರಿಯಾಗಿ, ಮೆಲ್ಲಗೆ ದನಿ ಕೊಟ್ಟಳು. ಪಕ್ಕದವಳು ಸೇರಿದಳು. ಎಲ್ಲರೂ ಸೇರಿದರು. ಮಗು ಮಲಗಿಸುವಷ್ಟು ಸಣ್ಣ ದನಿ. ಒಬ್ಬರೂ ಮಡಿಲಲ್ಲಿದ್ದ ಹುಳುವಿನ ಮೊರ ಕೆಳಗಿಟ್ಟಿರಲಿಲ್ಲ. ಅತ್ತೆ ತುಟಿಗಳನ್ನು ನೋಡಿದರು, ಬೇಡವೆನ್ನಲಿಲ್ಲ. ಆಮೇಲೆ ಕೇಳಿದ್ದಕ್ಕೆ, ಟೀವಿ ಸದ್ದು ಬ್ಯಾರೆ ಸೋಬಾನೆ ಬ್ಯಾರೆ, ಹೆಂಗಸ್ರು ಪದ ಹೇಳಿದ್ರೆ ಉಳ ಬೆಚ್ಚಾಕಿಲ್ಲ ಎಂದರು. ನಮ್ಮ ಪದದಲ್ಲಿ ಮುಂದಿನ ಸಾಲಿನವರು ಹೇಳಿದ್ದನ್ನು ಹಿಂದಿನ ಸಾಲಿನವರು ತಿರುಗಿ ಹೇಳಬೇಕು. ನಾನು ಹಿಂದಿನ ಸಾಲಿನವಳು. ತೊಟ್ಟಿಯ ಕಟ್ಟೆಯ ಮೇಲೆ, ಡಿಶ್ಶನ್ನು ತಬ್ಬಿಕೊಂಡು, ತಿರುಗಿ ಹೇಳಿದೆ.

ಪದ ಪೂರ್ತಿ ಆಗಲಿಲ್ಲ. ನಡುವೆಯೇ ಮುಖಗಳ ಮೇಲಿನ ಬೆಳಕು ಬದಲಾಯಿತು, ಅತ್ತೆ ಎದ್ದರು, ಎಲ್ಲರೂ ಬ್ಲೀಚಿಂಗ್ ನೀರಿನ ಕಡೆ ನಡೆದರು. ಕೈ ತೊಳೆಯುವ ಜಾಹೀರಾತು ಬಂದಿತ್ತು.

ಆಮೇಲಿನ ಕೆಲಸ ಹೇಗೆ ಓಡಿತೆಂದರೆ, ಟೀವಿ ಆರಿಸಿದ್ದೂ ಯಾರಿಗೂ ಗೊತ್ತಾಗಲಿಲ್ಲ. ಬಾಯಿಯೂ ಕೈಯೂ ಒಟ್ಟಿಗೆ ಓಡಿದವು.

"ನನ್ನ ಹಸ್ರು ಸೀರೆ ಎಷ್ಟು ಚೆಂದಾಗಿ ಬಂದಿತ್ತು ನೋಡುದ್ರಾ?"

"ನಾನು ನನ್ನ ಕಿವಿ ಓಲೇನೇ ನೋಡ್ತಿದ್ದೆ. ನಿನ್ ಸೀರೆ ಯಾರ್ ನೋಡುದ್ರು."

"ನಾನು ವಸಿ ದಪ್ಪಾಗಿ ಕಂಡ್ನಾ?"

"ಟೀವಿ ಸಣ್ದು ಕಣೆ, ಅದ್ಕೆ ಅಂಗೆ ಕಂಡೆ," ಎಂದಳು ಸೊಸೆ.

ನಾನು ಹುಳು ಬಿಡುತ್ತಲೇ, ಯಾರಿಗೂ ಎಂದಲ್ಲದೆ, ನಾನು ಹೇಗೆ ಕಂಡೆ ಎಂದು ಕೇಳಿದೆ.

"ನೀನಾ?" ಎಂದಳು ಅಕ್ಕ. "ನೀನೂ ಇದ್ದೆ ಕಣವ್ವ. ಇರ್ಲೇಬೇಕಲ್ಲ, ಅಲ್ಲೇ ನಿಂತಿದ್ದೆಯಲ್ಲ ಅವತ್ತು."

ದೀಪ ಹಚ್ಚುವ ಹೊತ್ತಿಗೆ ಕೊನೆಯ ತಟ್ಟೆ ಖಾಲಿಯಾಯಿತು. ಮೊದಲು ಟೀವಿಯ ಬೆಳಕಿಗೆ ಸಿಕ್ಕಿದ್ದ ತಟ್ಟೆಗಳಲ್ಲಿ ಕೆಲವು ಜೋಡಿ ಗೂಡಾಗುವುದು ಖಂಡಿತ. ಅಷ್ಟು ಬಿಟ್ಟರೆ ಎಲ್ಲವೂ ಚಂದ್ರಿಕೆ ಹತ್ತಿದ್ದವು. ಟೀವಿಗೆ ಮತ್ತೆ ಸೀರೆ ಸುತ್ತಿ, ಕಾಫಿ ಕುಡಿದು, ಮೇಳ ಹೊರಟಿತು. ಅಕ್ಕ ಹೋಗುವಾಗ ನೆನಪಿಸಿದಳು: "ನಾಳಿನ ಮುಯ್ಯಿ ಇವತ್ಗೆ ತೀರ್ತು ಕಣವ್ವ. ನಾಳೆ ಕರೀಬ್ಯಾಡ."

ಪರದೆಯ ಹಿಂದೆ ಅತ್ತೆಯೂ ನಾನೂ ಚಂದ್ರಿಕೆಗಳ ಅಡಿಯ ಪೇಪರು ಬದಲಾಯಿಸುತ್ತಿದ್ದೆವು. ಮುಂಚೆ ಬಿಟ್ಟ ಹುಳುಗಳು ಆಗಲೇ ತೆಳುವಾದ ಬಿಳಿ ಗುಳ್ಳೆಯೊಳಗೆ ತಲೆ ಆಡಿಸುತ್ತಿದ್ದವು. ಮೇಳದಲ್ಲಿ ಇಲ್ಲದೆ ಇವತ್ತು ಟೀವಿ ನೋಡಿದವರು ಅತ್ತೆಯೊಬ್ಬರೇ ಎಂಬುದು ನನಗೆ ಆಗ ಹೊಳೆಯಿತು. ಕೇಳಲು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು.

"ನಿನ್ನ ನೋಡ್ದೆ ಕಣವ್ವ."

"ಎಂಗಿದ್ದೆ ಅತ್ತೆ?"

"ಎಲ್ರೂ ಕ್ಯಾಮ್ರಾ ನೋಡ್ಕಂಡು ಪದ ಹೇಳ್ತಾವ್ರೆ. ನೀನೊಬ್ಳೇ ಬಾಯಿ ಮುಚ್ಕಂಡು ಆಕಾಸ ನೋಡ್ತಿದ್ದೆ."

ನನಗೆ ನೆನಪಾಯಿತು. ಆ ದಿನ ಹನೂರಿನಲ್ಲಿ ಮೋಡ ಕವಿದಿತ್ತು. ಹೊರಡುವ ಅವಸರದಲ್ಲಿ ಕೊಯ್ದ ಸೊಪ್ಪನ್ನು ಅಂಗಳದಲ್ಲೇ ಬಿಟ್ಟು ಬಂದಿದ್ದೆ. ನೆಂದ ಸೊಪ್ಪು ತಿಂದರೆ ಹುಳುವಿಗೆ ಬೇನೆ. ಅತ್ತೆಯ ಕಿವಿಗೆ ಬಾಗಿ ಅದನ್ನೇ ಹೇಳಿದೆ.

"ಗೊತ್ತು ಬುಡು," ಎಂದರು ಅತ್ತೆ, ಚಂದ್ರಿಕೆಯಿಂದ ಕಣ್ಣು ತೆಗೆಯದೆ. "ನೀನು ಮೋಡ ನೋಡೋ ಹೊತ್ಗೆ ನಾನಿಲ್ಲಿ ಸೊಪ್ಪು ಒಳೀಕ್ ಹಾಕಾಯ್ತು. ಸುಮ್ನೆ ಪದ ಹೇಳ್ಬೋದಾಗಿತ್ತು ನೀನು."